ಸ್ಕ್ಯಾನ್‌ನಲ್ಲಿ ವೈರಸ್ ಕಾಣಲ್ಲ, ಮತ್ತೆ ನಾವು ನೋಡೋದೇನು?

"ಡಾಕ್ಟ್ರೇ, ಸ್ಕ್ಯಾನ್‌ನಲ್ಲಿ ವೈರಸ್ ಇನ್ನೂ ಕಾಣ್ತಿದ್ಯಾ?" ಅಂತ ತುಂಬಾ ಜನ ಕೇಳ್ತಾರೆ. ಇಲ್ಲ ಕಣ್ರೀ, ಕೊರೊನಾ ವೈರಸ್ಸಿನ ಗಾತ್ರ ಸುಮಾರು 100 ನ್ಯಾನೋಮೀಟರ್, ನಮ್ಮ ಸಿಟಿ ಮೆಷಿನ್ನೋ ಅರ್ಧ ಮಿಲಿಮೀಟರಿಗಿಂತ ಚಿಕ್ಕದನ್ನ ಬಿಡಿಸಿ ತೋರಿಸೋಕೇ ಒದ್ದಾಡುತ್ತೆ. ನಮಗೆ ಕಾಣೋದು ವೈರಸ್ ವಿರುದ್ಧ ದೇಹ ಎಬ್ಬಿಸಿರೋ ಗಲಾಟೆ, ಅಂದ್ರೆ ಉರಿಯೂತ.

ಶ್ವಾಸಕೋಶದ ಗಾಳಿಚೀಲಗಳಲ್ಲಿ ಅರ್ಧಂಬರ್ಧ ನೀರು, ಕೋಶಗಳು ತುಂಬಿದ್ರೆ ಸಿಟಿಯಲ್ಲಿ ಮಬ್ಬು ಬೀಳುತ್ತೆ, ಆದ್ರೆ ಆ ಮಬ್ಬಿನ ಹಿಂದೆ ರಕ್ತನಾಳದ ಗೆರೆ ಕಾಣ್ತಾನೇ ಇರುತ್ತೆ, ಇದನ್ನೇ ಗ್ರೌಂಡ್ ಗ್ಲಾಸ್ ಅನ್ನೋದು. ಪೂರ್ತಿ ತುಂಬಿಕೊಂಡ್ರೆ ಗೆರೆಯೂ ಮುಚ್ಚಿಹೋಗಿ ಬೆಳ್ಳಗಾಗುತ್ತೆ. ಕೋವಿಡ್ ಟೈಮಲ್ಲಿ ಎಲ್ಲರ ಬಾಯಲ್ಲೂ ಇದ್ದ 25ರ ಸಿಟಿ ಸ್ಕೋರ್ ಇದೆಯಲ್ಲ, ಅದು ಶ್ವಾಸಕೋಶದ ಐದು ಲೋಬ್‌ಗೂ, ಅಂದ್ರೆ ಭಾಗಗಳಿಗೂ, ತಲಾ 5ರ ತನಕ ಅಂಕ ಕೊಟ್ಟು ಕೂಡಿದ್ದು, ಅಷ್ಟೇ. ಎಷ್ಟು ಜಾಗ ಹಿಡಿದಿದೆ ಅಂತ ಹೇಳುತ್ತೆ, ಬೆಂಕಿ ಇನ್ನೂ ಉರೀತಿದ್ಯಾ ಇಲ್ಲಾ ಆರಿ ಕಲೆ ಉಳಿದಿದ್ಯಾ ಅಂತ ಹೇಳಲ್ಲ.

ಅದಕ್ಕೆ ಪೆಟ್ ಸ್ಕ್ಯಾನ್ ಬೇಕಾಗುತ್ತೆ. ಉರಿಯೂತದಲ್ಲಿ ಕೆರಳಿರೋ ಬಿಳಿ ರಕ್ತಕಣಗಳು ಗ್ಲೂಕೋಸನ್ನ ಸಿಕ್ಕಾಪಟ್ಟೆ ಎಳೆದುಕೊಳ್ಳುತ್ವೆ, ಹಾಗಾಗಿ ಗ್ಲೂಕೋಸಿನ ಥರದ ಅಣುವಿಗೆ ವಿಕಿರಣ ಸೂಸೋ ಫ್ಲೋರಿನ್-18 ಕೂಡಿಸಿ ಚುಚ್ಚಿದ್ರೆ ಅದು ಕಣದೊಳಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ, ಆ ಜಾಗ ಸ್ಕ್ಯಾನ್‌ನಲ್ಲಿ ಹೊಳೆಯುತ್ತೆ. ಈ ಫ್ಲೋರಿನ್ನಿನ ಅರ್ಧಾಯುಷ್ಯ, ಅಂದ್ರೆ ವಿಕಿರಣ ಅರ್ಧಕ್ಕೆ ಇಳಿಯೋ ಸಮಯ, ಸುಮಾರು 110 ನಿಮಿಷ. ಸುಮಾರು ಆರು ಗಂಟೆ ಉಪವಾಸ, ಇಂಜೆಕ್ಷನ್ ಆದ್ಮೇಲೆ ಒಂದು ಗಂಟೆ ಸುಮ್ನೆ ಮಲಗಿರಬೇಕು, ಚ್ಯೂಯಿಂಗ್ ಗಮ್ ಅಗಿದ್ರೆ ದವಡೆ ಸ್ನಾಯು ಹೊಳೆಯುತ್ತೆ, ಮಾತಾಡ್ತಾ ಕೂತ್ರೆ ಗಂಟಲು.

ತೊಂದ್ರೆ ಏನಪ್ಪಾ ಅಂದ್ರೆ ಕ್ಯಾನ್ಸರ್ ಕೋಶಕ್ಕೂ ಇದೇ ಗ್ಲೂಕೋಸ್ ಬೇಕು, ಎರಡೂ ಒಂದೇ ಥರ ಹೊಳೀತವೆ. ಕೋವಿಡ್ ಲಸಿಕೆ ಹಾಕಿಸಿಕೊಂಡ ಕೈಯ ಕಂಕುಳ ದುಗ್ಧಗ್ರಂಥಿಗಳು (ಲಿಂಫ್ ನೋಡ್) ವಾರಗಟ್ಟಲೆ ಹೊಳೆದು, ಕ್ಯಾನ್ಸರ್ ಅಲ್ಲಿಗೂ ಹರಡಿದ್ಯಾ ಅಂತ ಸ್ತನ ಕ್ಯಾನ್ಸರ್ ರೋಗಿಗಳನ್ನ ಸುಮ್ಮನೆ ಹೆದರಿಸಿದ್ದುಂಟು.

ಹೃದಯದ ಸ್ನಾಯುವಿಗೆ ವೈರಸ್ಸಿಂದ ಊತ ಬಂದ್ರೆ ಮಾತ್ರ ನನ್ನ ಮತ ಎಂಆರ್‌ಐಗೆ, ಅದರ ಟಿ2 ಅನ್ನೋ ಬಗೆಯ ಚಿತ್ರದಲ್ಲಿ ನೀರು ತುಂಬಿದ ಊತ ಕಾಣುತ್ತೆ, ಗ್ಯಾಡೋಲಿನಿಯಮ್ ಅನ್ನೋ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ರೆ ಹಾಳಾದ ಸ್ನಾಯುವೂ ಗೊತ್ತಾಗುತ್ತೆ. ಇದನ್ನ ಓದೋಕೆ ಲೇಕ್ ಲೂಯಿಸ್ ಮಾನದಂಡ ಅಂತ ಇದೆ, 2009ರದ್ದು, 2018ರಲ್ಲಿ ಪರಿಷ್ಕರಿಸಿದ್ರು.

ಸಂಶೋಧನೆಯಲ್ಲಿ ಈ ಸ್ಕ್ಯಾನ್‌ಗಳ ನಿಜವಾದ ಲಾಭ ಬೇರೆ. ಮೊದಲೆಲ್ಲ ಸೋಂಕಿನ ಒಂದೊಂದು ಹಂತ ನೋಡೋಕೂ ಬೇರೆ ಬೇರೆ ಪ್ರಾಣಿಗಳನ್ನ ಕೊಂದು ಅಂಗಾಂಶ ತೆಗೀಬೇಕಿತ್ತು, ಈಗ ಒಂದೇ ಕೋತಿಯನ್ನ ಸೋಂಕಿಗೆ ಮುಂಚೆ ಒಮ್ಮೆ, ಆಮೇಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ಹೋಲಿಸಬಹುದು, ಔಷಧಿ ಕೆಲಸ ಮಾಡ್ತಿದ್ಯಾ ಅಂತಾನೂ ಬೇಗ ಗೊತ್ತಾಗುತ್ತೆ.

ಸ್ಕ್ಯಾನಿಗೆ ಕಳಿಸೋ ಡಾಕ್ಟರ್‌ಗಳಿಗೆ ನನ್ನದೊಂದೇ ಕೋರಿಕೆ: ಫಾರ್ಮಲ್ಲಿ ಬರೀ "ಜ್ವರ" ಅಂತ ಗೀಚಬೇಡಿ, ಜ್ವರ ಶುರುವಾದ ತಾರೀಖು, ಸ್ಟೀರಾಯ್ಡ್ ಕೊಡ್ತಿದ್ರೆ ಅದು, ಇತ್ತೀಚೆಗೆ ಲಸಿಕೆ ಆಗಿದ್ರೆ ಯಾವ ಕೈಗೆ ಅಂತ ಬರೀರಿ.