ಒಂದು ಕೆಜಿ ಫಿಲ್ಮ್, ಒಂದು ಸೈಟಿನಷ್ಟು ಅಗಲ

ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮ ಮಾವನ ಸಗಟು ಅಂಗಡಿ ಇದೆ. ಬೆಳಿಗ್ಗೆ ಲಾರಿಯಿಂದ ಸೋಪು, ಬಿಸ್ಕತ್ತು, ಟೀ ಪುಡಿಯ ಪೆಟ್ಟಿಗೆಗಳು ಇಳಿಯುತ್ತವೆ. ಹತ್ತಿಪ್ಪತ್ತು ಪೆಟ್ಟಿಗೆ ಒಟ್ಟಿಗೆ ಸೇರಿಸಿ, ಸುತ್ತಲೂ ತೆಳ್ಳನೆ ಪ್ಲಾಸ್ಟಿಕ್ ಬಿಗಿದಿರುತ್ತಾರೆ. ಹಮಾಲರು ಅದನ್ನು ಬ್ಲೇಡಿನಿಂದ ಸರ್ರನೆ ಸೀಳಿ ಮೂಲೆಗೆ ಎಸೆಯುತ್ತಾರೆ. ಸಂಜೆಯ ಹೊತ್ತಿಗೆ ಅಂಗಡಿ ಹಿಂದೆ ಎಮ್ಮೆ ಗಾತ್ರದ ರಾಶಿ. ಎತ್ತಿ ನೋಡಿದರೆ ತೂಕವೇ ಇಲ್ಲ.

ಇದಕ್ಕೆ ಸ್ಟ್ರೆಚ್ ಫಿಲ್ಮ್ ಅನ್ನುತ್ತಾರೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರಲು ನೋಡುತ್ತದೆ. ಆ ಬಿಗಿತವೇ ಮುಂಬೈಯಿಂದ ಹೆದ್ದಾರಿ 48ರಲ್ಲಿ ಕುಲುಕಿಕೊಂಡು ಬರುವ ಪೆಟ್ಟಿಗೆಗಳನ್ನು ಅಲುಗದಂತೆ ಹಿಡಿದಿಡುತ್ತದೆ. ದಪ್ಪ ಸುಮಾರು 20 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿನ ಅರ್ಧಕ್ಕಿಂತ ಕಡಿಮೆ.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿದೆ. ಇಷ್ಟು ತೆಳ್ಳಗಿನ ಫಿಲ್ಮ್ ಒಂದು ಕೆಜಿ ಬಿಡಿಸಿ ಹಾಸಿದರೆ ಸುಮಾರು 54 ಚದರ ಮೀಟರ್ ಆಗುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಒಂದು 20x30 ಸೈಟು! ಎರಡೂ ಬದಿ ಲೆಕ್ಕ ಹಿಡಿದರೆ 30x40 ಸೈಟಿನಷ್ಟು ಮೈ. ಈ ಪ್ಲಾಸ್ಟಿಕ್ಕನ್ನು ಮರುಬಳಕೆ ಮಾಡುವುದು ಯಾಕೆ ಕಷ್ಟ ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ಒಂದು ಕೆಜಿ ಬಕೆಟ್ ಚೂರು ತೊಳೆಯುವುದು ಸುಲಭ. ಒಂದು ಕೆಜಿ ಫಿಲ್ಮ್ ತೊಳೆಯುವುದೆಂದರೆ 30x40 ಅಂಗಳವನ್ನು ಧೂಳಿಲ್ಲದಂತೆ ಒರೆಸಿ, ಒಣಗಿಸಿದ ಹಾಗೆ. ನೀರಿನ ಪಸೆ ಉಳಿದರೂ ಕರಗಿಸುವಾಗ ಅದು ಆವಿಯಾಗಿ ಗುಳ್ಳೆ ಏಳುತ್ತದೆ.

ಫಿಲ್ಮಿನ ಮೂಲವಸ್ತು ಪಾಲಿಎಥಿಲೀನ್. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಫಾಸೆಟ್ ಅನ್ನುವ ಇಬ್ಬರು ಎಥಿಲೀನ್ ಅನಿಲಕ್ಕೆ ಭಾರೀ ಒತ್ತಡ ಕೊಟ್ಟು ಬೇರೇನೋ ಹುಡುಕುತ್ತಿದ್ದರು. ಸಿಕ್ಕಿದ್ದು ಮೇಣದಂಥ ಬಿಳಿ ಪುಡಿ. ಸ್ಟ್ರೆಚ್ ಫಿಲ್ಮಿಗೆ ಬಳಸುವ ಎಲ್‌ಎಲ್‌ಡಿಪಿಇ (ಲೀನಿಯರ್ ಲೋ ಡೆನ್ಸಿಟಿ ಪಾಲಿಎಥಿಲೀನ್) ಅದೇ ವಂಶದ ಕಿರಿಯ ಕುಡಿ.

ಇದರ ಒಳಗೆ ಏನಿದೆ ಅಂತ ದಾವಣಗೆರೆಯವರಿಗೆ ವಿವರಿಸುವುದು ಸುಲಭ. ಇದು ಒಂದು ಕಾಲದಲ್ಲಿ ಹತ್ತಿ ಗಿರಣಿಗಳ ಊರು. ಉದ್ದ ಎಳೆಯ ಹತ್ತಿಯಿಂದ ಗಟ್ಟಿ ನೂಲು ಬರುತ್ತದೆ. ಹಳೆ ಬಟ್ಟೆ ಹಿಂಜಿ ಮತ್ತೆ ನೂತರೆ ಎಳೆ ಗಿಡ್ಡವಾಗಿ ನೂಲು ಬೇಗ ಕಡಿಯುತ್ತದೆ, ಅಲ್ವಾ? ಪ್ಲಾಸ್ಟಿಕ್ಕೂ ಹಾಗೆಯೇ. ಅದರ ಅಣುಗಳು ಉದ್ದುದ್ದ ಎಳೆಗಳು. ಒಂದಕ್ಕೊಂದು ಹೆಣೆದುಕೊಂಡಿರುವುದರಿಂದಲೇ ಫಿಲ್ಮ್ ಹಿಗ್ಗುತ್ತದೆ, ಹರಿಯುವುದಿಲ್ಲ. ಪ್ರತಿ ಸಲ 200 ಡಿಗ್ರಿ ಆಸುಪಾಸಿನಲ್ಲಿ ಕರಗಿಸುವಾಗ ಕೆಲವು ಎಳೆ ತುಂಡಾಗುತ್ತವೆ. ಇನ್ನು ಕೆಲವು ಸಿಕ್ಕುಬಿದ್ದು ಗಂಟು ಕಟ್ಟುತ್ತವೆ. ಬಿಸಿಲೂ ಇದೇ ಕೆಲಸ ಮಾಡುತ್ತದೆ. ಚಿತ್ರದುರ್ಗದ ಕಡೆ ಹೆದ್ದಾರಿ ಪಕ್ಕದ ಜಾಲಿ ಗಿಡಕ್ಕೆ ಸಿಕ್ಕಿಕೊಂಡ ಕವರು ಮುಟ್ಟಿದರೆ ಪುಡಿಯಾಗುವುದನ್ನು ನೀವೂ ನೋಡಿರಬಹುದು.

ಬಕೆಟ್ಟಿನಲ್ಲಿ ಸಣ್ಣ ಗಂಟು ಇದ್ದರೆ ಏನೂ ಆಗುವುದಿಲ್ಲ. 20 ಮೈಕ್ರಾನ್ ಫಿಲ್ಮಿನಲ್ಲಿ ಹಾಗಲ್ಲ. ಗಂಟೇ ಫಿಲ್ಮಿಗಿಂತ ದಪ್ಪ ಇರಬಹುದು. ಎಳೆದ ಕೂಡಲೇ ಅಲ್ಲಿಂದಲೇ ಸೀಳು ಶುರು.

ಹಾಗಾದರೆ ಹಳೆಯದನ್ನು ಹೊಸದಕ್ಕೆ ಸೇರಿಸುವುದು ಹೇಗೆ? ಕರಗಿದ ಪ್ಲಾಸ್ಟಿಕ್ಕನ್ನು ಸಣ್ಣ ಕಣ್ಣಿನ ತಂತಿ ಜಾಲರಿಯಲ್ಲಿ ಸೋಸಿ ದಾನಾ, ಅಂದರೆ ಪ್ಲಾಸ್ಟಿಕ್ ಕಾಳು, ಮಾಡುತ್ತಾರೆ. ಆಮೇಲೆ ಫಿಲ್ಮ್ ತೆಗೆಯುವಾಗ ಹೋಳಿಗೆ ಮಾಡಿದ ಹಾಗೆ ಪದರ ಕಟ್ಟುತ್ತಾರೆ. ಒಳಗಿನ ಹೂರಣ ಹಳೆ ದಾನಾದ್ದು, ಹೊರಗಿನ ಕಣಕ ಹೊಸದು. ಮೂರೂ ಪದರ ಒಂದೇ ಅಚ್ಚಿನಿಂದ ಒಟ್ಟಿಗೆ ಹೊರಬರುತ್ತವೆ. ಅಂಟುವ ಗುಣ, ನುಣುಪು ಹೊರಪದರದ ಕೆಲಸ. ಮಧ್ಯದ್ದು ಸ್ವಲ್ಪ ಮಂಕಾಗಿದ್ದರೂ ನಡೆಯುತ್ತದೆ. ಸಾಗಣೆ ಫಿಲ್ಮ್ ತಿನ್ನುವ ಪದಾರ್ಥಕ್ಕೆ ನೇರವಾಗಿ ತಾಗುವುದಿಲ್ಲ, ನಡುವೆ ಪೆಟ್ಟಿಗೆ ಇರುತ್ತದೆ. ಆದ್ದರಿಂದ ಹಳೆ ದಾನಾಕ್ಕೆ ಇದು ತಕ್ಕ ಜಾಗ. ಮಂಡಕ್ಕಿ ತುಂಬುವ ಚೀಲಕ್ಕೆ ಮಾತ್ರ ಇದು ಬೇಡವೇ ಬೇಡ.

ಇಲ್ಲಿ ಒಂದು ಮಾತು ಹೇಳಲೇಬೇಕು. 'ಶೇ 30 ಮರುಬಳಕೆ' ಅಂತ ಬರೆದ ಮಾತ್ರಕ್ಕೆ ಹಿಗ್ಗಬೇಡಿ. 20 ಮೈಕ್ರಾನಿನಲ್ಲಿ ಆಗುತ್ತಿದ್ದ ಕೆಲಸಕ್ಕೆ ಈ ಫಿಲ್ಮ್ 30 ಮೈಕ್ರಾನ್ ಬೇಕಾಯಿತು ಅಂದುಕೊಳ್ಳಿ. ಆಗ ಅದರಲ್ಲಿರುವ ಹೊಸ ಪ್ಲಾಸ್ಟಿಕ್ಕೇ 21 ಮೈಕ್ರಾನ್. ಮೊದಲಿಗಿಂತ ಜಾಸ್ತಿ! ದಪ್ಪ ಏರಿಸದೆ ಹಳೆಯದನ್ನು ಸೇರಿಸಿದರೆ ಮಾತ್ರ ನಿಜವಾದ ಉಳಿತಾಯ. ಅದಕ್ಕೆ ಶುದ್ಧವಾದ ಗುಜರಿ ಬೇಕು.

ಸರ್ಕಾರದ ಒತ್ತಾಯವೂ ಈಗ ಇದೆ. 2022ರ ಫೆಬ್ರುವರಿಯ ಮಾರ್ಗಸೂಚಿ ಪ್ರಕಾರ ಮೆತ್ತನೆ ಪ್ಲಾಸ್ಟಿಕ್ ಪ್ಯಾಕಿಂಗಿನಲ್ಲಿ ಹಳೆ ಪ್ಲಾಸ್ಟಿಕ್ಕಿನ ಪಾಲು 2025-26ಕ್ಕೆ ಶೇ 10, 2027-28ಕ್ಕೆ ಶೇ 20 ಇರಬೇಕು. ಕಂಪನಿಗಳಿಗೆ ಒಳ್ಳೆ ದಾನಾ ಬೇಕು. ಅದರ ಕಚ್ಚಾಮಾಲು ಮಾವನ ಅಂಗಡಿ ಹಿಂದೆ ಬಿದ್ದಿದೆ. ಮನೆ ಕಸದ ಕವರಿನಂತೆ ಇದಕ್ಕೆ ಸಾರು, ಎಣ್ಣೆ ತಾಗಿಲ್ಲ. ಬಣ್ಣವಿಲ್ಲ, ಒಂದೇ ಜಾತಿ. ಇಷ್ಟು ಚೊಕ್ಕ ಪ್ಲಾಸ್ಟಿಕ್ ಊರಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಆದರೂ ಗುಜರಿಯವನು ಅದಕ್ಕೆ ಕವಡೆ ರೇಟು ಹೇಳಿದ. ಯಾಕೆ ಅಂತ ಕೇಳಿದೆ. ಒಂದು ಹಿಡಿ ಎತ್ತಿ ತೋರಿಸಿದ: "ಟೇಪು ನೋಡಿ ಸರ್, ಲೇಬಲ್ ನೋಡಿ. ಚೀಲದ ದಾರಾನೂ ಇದರಾಗೇ ಐತಿ."

ಅವನ ಮಾತಿನಲ್ಲಿ ಪೂರ್ತಿ ರಸಾಯನ ವಿಜ್ಞಾನ ಇದೆ. ಪೆಟ್ಟಿಗೆಗೆ ಅಂಟಿಸುವ ಟೇಪು, ಮೆಕ್ಕೆಜೋಳ ತುಂಬುವ ನೇಯ್ದ ಚೀಲ, ಎರಡೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್. ಅದು ಕರಗಲು ಸುಮಾರು 160 ಡಿಗ್ರಿ ಬೇಕು. ನಮ್ಮ ಫಿಲ್ಮ್ 120ರ ಸುತ್ತಮುತ್ತಲೇ ಕರಗುತ್ತದೆ. ಎರಡನ್ನೂ ಕರಗಿಸಿದರೂ ಎಣ್ಣೆ ನೀರಿನಂತೆ ಬೇರೆ ಬೇರೆಯಾಗಿಯೇ ನಿಲ್ಲುತ್ತವೆ. ಆರಿದ ಮೇಲೆ ಅವು ಕೂಡುವ ಗೆರೆಯಲ್ಲೇ ಫಿಲ್ಮ್ ಹರಿಯುತ್ತದೆ. ನೀರಲ್ಲಿ ಹಾಕಿ ಬೇರ್ಪಡಿಸೋಣ ಅಂದರೆ ಎರಡೂ ತೇಲುತ್ತವೆ. ಹಾಗಾಗಿ ಟೇಪು ಸೇರಿದ ರಾಶಿಯಿಂದ ಮತ್ತೆ ಫಿಲ್ಮ್ ಆಗುವುದು ಕಷ್ಟ. ಕಪ್ಪು ಕಸದ ಚೀಲ ಆದರೆ ಅದೇ ಪುಣ್ಯ.

ಹೋದ ತಿಂಗಳಿಂದ ಅಂಗಡಿ ಹಿಂದೆ ಎರಡು ಚೀಲ ತೂಗುಹಾಕಿದ್ದೇವೆ. ಒಂದರಲ್ಲಿ ಬರೀ ಫಿಲ್ಮ್, ಇನ್ನೊಂದರಲ್ಲಿ ಟೇಪು, ಲೇಬಲ್, ದಾರ. ಮೊದಲ ವಾರ ಎಲ್ಲಾ ಕಲಸಿಹೋಗುತ್ತಿತ್ತು. ಈಗ ಹಮಾಲರು ಫಿಲ್ಮ್ ಸೀಳುವ ಮೊದಲೇ ಲೇಬಲ್ ಇರುವ ಚೌಕವನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯುತ್ತಾರೆ. ಎರಡು ಗೀರು, ಅಷ್ಟೇ. ಉಳಿದ ಫಿಲ್ಮ್ ಬಿಸಿಲು ಬೀಳದ ಮೂಲೆಗೆ ಹೋಗುತ್ತದೆ.