ಪದ ಪರಿಚಯ: ಕರೋನರಿ ಉಗಮದೋಷ

ಶಿರಸಿ ಕಡೆಯವರಿಗೆ ಉಗಮ ಎಂದರೆ ಮೊದಲು ನೆನಪಾಗುವುದು ಶಂಕರಹೊಂಡ. ಅಘನಾಶಿನಿ ನದಿಯ ಒಂದು ಮೂಲ ಅಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ. ಹೃದಯದ ಸ್ನಾಯುವಿಗೆ ರಕ್ತ ಉಣಿಸುವ ಕರೋನರಿ ಧಮನಿಗಳಿಗೂ ಹೀಗೇ ಎರಡು ಉಗಮ. ಮಹಾಧಮನಿ ಹೃದಯದಿಂದ ಹೊರಡುವ ಬುಡದಲ್ಲೇ, ಕವಾಟದ ತುಸು ಮೇಲೆ, ಎಡಕ್ಕೊಂದು ಬಲಕ್ಕೊಂದು ಬಾಯಿ. ಹುಟ್ಟಿನಿಂದಲೇ ಈ ಬಾಯಿ ತಪ್ಪು ಜಾಗದಲ್ಲಿದ್ದರೆ ಅದೇ ಕರೋನರಿ ಉಗಮದೋಷ. ಕರೋನಾ ಎಂದರೆ ಲ್ಯಾಟಿನ್ನಿನಲ್ಲಿ ಕಿರೀಟ. ವೈರಸ್ಸಿನ ಹೆಸರೂ ಅಲ್ಲಿಂದಲೇ ಬಂತು, ನಂಟು ಅಷ್ಟಕ್ಕೇ ಮುಗಿಯಿತು.

ಆಂಜಿಯೋಗ್ರಾಮ್ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ ಈ ನಾಳಗಳಲ್ಲಿ ಏನಾದರೊಂದು ಹುಟ್ಟು ವ್ಯತ್ಯಾಸ ಕಾಣುತ್ತದೆ. ಬಹುಪಾಲು ನಿರುಪದ್ರವಿ. ಅಪಾಯದ್ದು ಅಪರೂಪ: ಎಡಧಮನಿ ಬಲಗಡೆಯ ಬುಡದಲ್ಲಿ ಹುಟ್ಟಿ, ಮಹಾಧಮನಿಗೂ ಶ್ವಾಸಕೋಶದ ಧಮನಿಗೂ ನಡುವೆ ನುಸುಳಿ ಎಡಕ್ಕೆ ಬರುವುದು. ಅದರ ಬಾಯಿಯೂ ದುಂಡಗಿರದೆ ಸೀಳಿನಂತಿರಬಹುದು. ಕೂತಾಗ, ನಡೆದಾಡುವಾಗ ತೊಂದರೆಯಿಲ್ಲ. ಓಡುವಾಗ ಹೃದಯ ಹೆಚ್ಚು ರಕ್ತ ಕೇಳುತ್ತದೆ. ಆದರೆ ಆಗಲೇ ದೊಡ್ಡ ನಾಳಗಳು ಉಬ್ಬಿ ಸೀಳುಬಾಯಿ ಇನ್ನಷ್ಟು ಬಿಗಿಯುತ್ತದೆ. ರಕ್ತ ಸಾಲದ ಸ್ನಾಯುವಿನಲ್ಲಿ ವಿದ್ಯುತ್ ಲಯ ತಪ್ಪಿ, ಹೃದಯ ಬಡಿಯುವ ಬದಲು ಬರೀ ಅದುರತೊಡಗುತ್ತದೆ. ಇದೇ ಹಠಾತ್ ಹೃದಯಸ್ತಂಭನ. ಪೇಪರಿನಲ್ಲಿ ಇದನ್ನೂ ಹಾರ್ಟ್ ಅಟ್ಯಾಕ್ ಎಂದೇ ಬರೆಯುತ್ತಾರೆ. ಇಲ್ಲಿ ಕೊಬ್ಬು ಕಟ್ಟಿರುವುದಿಲ್ಲ, ವಯಸ್ಸೂ ಆಗಿರುವುದಿಲ್ಲ.

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಪೀಟ್ ಮಾರಾವಿಚ್ ಹತ್ತು ವರ್ಷ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡಿದವರು. 1988ರಲ್ಲಿ, 40ನೇ ವಯಸ್ಸಿಗೆ, ಗೆಳೆಯರ ಜೊತೆ ಸುಮ್ಮನೆ ಆಡುತ್ತಿದ್ದಾಗ ಕುಸಿದು ತೀರಿಕೊಂಡರು. ಅವರಿಗೆ ಎಡ ಕರೋನರಿಯೇ ಇರಲಿಲ್ಲವೆಂದು ಗೊತ್ತಾದದ್ದು ಶವಪರೀಕ್ಷೆಯಲ್ಲಿ. ಅದೂ ಕರೋನರಿಯ ಹುಟ್ಟುದೋಷವೇ.

ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಹೆಚ್ಚಾಗಿ ನಾರ್ಮಲ್ಲೇ ಬರುತ್ತದೆ. ಸುಳಿವು ಕೊಡುವುದು ಮೈದಾನ. ಕಬಡ್ಡಿ ಆಡುತ್ತಲೇ ಹುಡುಗ ಬವಳಿ ಬಂದು ಬಿದ್ದರೆ ನಮ್ಮಲ್ಲಿ 'ಪಿತ್ತ ಏರಿದ್ದು' ಎಂದು ಮುರುಗಲು ಪಾನಕ ಕುಡಿಸಿ ಮತ್ತೆ ಅಂಕಣಕ್ಕೆ ಇಳಿಸುತ್ತಾರೆ. ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಿಂತು ತಲೆಸುತ್ತಿ ಬೀಳುವುದು ಬೇರೆ, ಓಡುತ್ತಿರುವಾಗಲೇ ಬೀಳುವುದು ಬೇರೆ. ಎರಡನೆಯದಕ್ಕೆ, ಅದರಲ್ಲೂ ಎದೆನೋವು ಜೊತೆಗಿದ್ದರೆ, ಆಟ ನಿಲ್ಲಿಸಿ ಹೃದಯತಜ್ಞರಿಗೆ ತೋರಿಸಲೇಬೇಕು. ಧಮನಿಯ ಬಾಯಿ ಎಲ್ಲಿದೆಯೆಂದು ಹುಡುಕಿಯೇ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಬೇಕು. ಸಿಟಿ ಆಂಜಿಯೋ ಇನ್ನೂ ಸ್ಪಷ್ಟ. ಬೇಕಾದವರಿಗೆ ಶಸ್ತ್ರಚಿಕಿತ್ಸೆಯಿಂದ ಸೀಳುಬಾಯಿ ಅಗಲಿಸುತ್ತಾರೆ, ಇಲ್ಲವೇ ಧಮನಿಯನ್ನು ಸರಿಯಾದ ಜಾಗಕ್ಕೆ ಕೂಡಿಸುತ್ತಾರೆ.

ಬಿದ್ದವನು ಕರೆದರೆ ಓಗೊಡದೆ, ಉಸಿರೂ ಆಡದಿದ್ದರೆ ಪಾನಕದ ಮಾತೇ ಇಲ್ಲ. ದೊಡ್ಡಾಸ್ಪತ್ರೆಗೆಂದು ಹೊರಟರೆ ಶಿರಸಿಯಿಂದ ಹುಬ್ಬಳ್ಳಿಗೇ ಸುಮಾರು 100 ಕಿ.ಮೀ. ಒಬ್ಬರು 108ಕ್ಕೆ ಫೋನ್ ಮಾಡುವಾಗ ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು, 5 ಸೆಂ.ಮೀ. ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಆಂಬ್ಯುಲೆನ್ಸ್ ಬರುವವರೆಗೂ.