ಒಂದು ತಟ್ಟೆಯಲ್ಲಿ ಇಡೀ ಬೆಳೆ, ಇನ್ನೊಂದರಲ್ಲಿ ಸೊನ್ನೆ

"ಈ ಮದ್ದು ನಿಲ್ಲಿಸಿದ್ರೆ ಬೆಳೆ ಕೈಗೆ ಬರಲ್ಲ ಮೇಡಂ."

ಅಪಾಯಕಾರಿ ರಾಸಾಯನಿಕವೊಂದನ್ನು ನಿಷೇಧಿಸಿದರೆ ಯಾರಿಗೆ ಎಷ್ಟು ನಷ್ಟ, ಯಾರಿಗೆ ಎಷ್ಟು ಲಾಭ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಹಾಗಾಗಿ ಈ ಮಾತು ಪ್ರತಿ ಸಭೆಯಲ್ಲೂ ಕಿವಿಗೆ ಬೀಳುತ್ತದೆ. ರೈತರು ಹೇಳಿದರೆ ನನಗೆ ಬೇಸರವಿಲ್ಲ, ಸಾಲ ಮಾಡಿ ಬೆಳೆ ಇಟ್ಟವರ ಭಯ ಅದು. ಸಿಟ್ಟು ಬರುವುದು ಓದಿದವರು ಅದೇ ಭಯಕ್ಕೆ ಕೋಟಿಗಳ ಅಂಕಿ ಹಚ್ಚಿ ವರದಿ ಮಾಡಿ ತಂದಾಗ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿದಾಗಲೂ ಇದೇ ವಾದ ಎದ್ದಿತ್ತು. 2023ರಲ್ಲಿ ಅಂತಿಮ ಆದೇಶ ಬಂದಾಗ ಆ ಪಟ್ಟಿಯಲ್ಲಿ ಪೂರ್ತಿ ನಿಷೇಧವಾದದ್ದು ಬೆರಳೆಣಿಕೆಯಷ್ಟೇ.

ಈ ವರದಿಗಳ ತಪ್ಪು ಒಂದೇ. ನಿಷೇಧವಾದ ಮೇಲೆ ರೈತ ಕೈಕಟ್ಟಿ ಕೂರುತ್ತಾನೆ ಅಂತ ಅಂದುಕೊಂಡು ಲೆಕ್ಕ ಶುರು ಮಾಡುತ್ತಾರೆ. ಯಾವ ಊರಿನ ರೈತ ಹಾಗೆ ಕೂತಿದ್ದಾನೆ? ಮಾರನೇ ದಿನವೇ ಅಂಗಡಿಗೆ ಹೋಗಿ ಬೇರೆ ಏನಿದೆ ಅಂತ ಕೇಳುತ್ತಾನೆ, ಪಕ್ಕದ ತೋಟದವನು ಏನು ಹೊಡೆದ ಅಂತ ನೋಡಿಕೊಂಡು ಬರುತ್ತಾನೆ, ಏನೋ ಒಂದು ದಾರಿ ಹುಡುಕುತ್ತಾನೆ.

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಗೇರು ತೋಟ ತೆಗೆದುಕೊಳ್ಳೋಣ. ಅಂಕಿಗಳು ನಾನು ಇಟ್ಟವು. ಹಳೇ ಮದ್ದು ಹೊಡೆದರೆ ವರ್ಷಕ್ಕೆ 1 ಲಕ್ಷ ರೂಪಾಯಿ ಬೆಳೆ. ಏನೂ ಹೊಡೆಯದಿದ್ದರೆ ಟೀ ಸೊಳ್ಳೆ ಅನ್ನುವ ಕೀಟ ಚಿಗುರು, ಹೂ ಎಲ್ಲ ಹೀರಿ 30 ಸಾವಿರದ ಬೆಳೆ ಹೋಗುತ್ತದೆ. ಬೇರೆ ಮದ್ದು ಹೊಡೆದರೆ 5 ಸಾವಿರದ ಬೆಳೆ ಹೋಗುತ್ತದೆ, ಮದ್ದಿನ ಖರ್ಚು 2 ಸಾವಿರ ಜಾಸ್ತಿ. ಹಾಗಾದರೆ ನಿಷೇಧದ ನಷ್ಟ ಎಷ್ಟು? 1 ಲಕ್ಷ ಅಲ್ಲ. 30 ಸಾವಿರವೂ ಅಲ್ಲ. 7 ಸಾವಿರ. ಹಳೇ ಮದ್ದಿಗೂ ಅದರ ನಂತರದ ಒಳ್ಳೆಯ ದಾರಿಗೂ ಇರುವ ವ್ಯತ್ಯಾಸ ಅಷ್ಟೇ. ಅಂಥ ವರದಿಗಳಲ್ಲಿ ಬರೆಯುವುದು ಮಾತ್ರ ಇಡೀ 1 ಲಕ್ಷ! ಸಾಲದ್ದಕ್ಕೆ ಕಂಪನಿಯ ಮಾರಾಟ ಕುಸಿದದ್ದನ್ನೂ ದೇಶದ ನಷ್ಟಕ್ಕೆ ಸೇರಿಸುತ್ತಾರೆ. ಆ ವ್ಯಾಪಾರದ ಬಹುಪಾಲು ಇನ್ನೊಂದು ಮದ್ದು ಮಾರುವವರಿಗೆ ಹೋಗಿರುತ್ತದೆ, ಅಲ್ವಾ?

ಆ 7 ಸಾವಿರ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಎರಡು ಎಕರೆಯವರಿಗೆ ಅದು ಮಗಳ ಫೀಸು. ಅದನ್ನು ಯಾರು ತುಂಬಿಕೊಡಬೇಕು, ಬದಲಾಗಲು ಎಷ್ಟು ಸಮಯ ಕೊಡಬೇಕು ಅನ್ನುವುದು ನಿಜವಾದ ಚರ್ಚೆ. ಶ್ರೀಲಂಕಾದಲ್ಲಿ ಎರಡೂ ಬಗೆಯ ಪಾಠ ಇದೆ. ಅವರು 1984ರಲ್ಲಿ ಪ್ಯಾರಾಥಿಯಾನ್, 1995ರಲ್ಲಿ ಮೊನೊಕ್ರೋಟೊಫಾಸ್, 1998ರಲ್ಲಿ ಎಂಡೋಸಲ್ಫಾನ್ ಹೀಗೆ ಒಂದೊಂದಾಗಿ ತೆಗೆದರು. ಬದಲಿ ಮದ್ದುಗಳಿದ್ದವು, ಇಳುವರಿ ಕುಸಿಯಲಿಲ್ಲ. ಇಂಥ ಮದ್ದು ಕುಡಿದು ಸಾಯುವವರು ಕಡಿಮೆಯಾಗಿ, 1995ರಿಂದ ಹತ್ತು ವರ್ಷದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದೇ ದೇಶ 2021ರಲ್ಲಿ ರಾತ್ರೋರಾತ್ರಿ ಎಲ್ಲ ರಾಸಾಯನಿಕ ಗೊಬ್ಬರ, ಮದ್ದಿನ ಆಮದು ನಿಲ್ಲಿಸಿತು. ಭತ್ತ ಬಿದ್ದುಹೋಯಿತು, ಕೆಲವೇ ತಿಂಗಳಲ್ಲಿ ಆದೇಶ ವಾಪಸ್ ತೆಗೆದುಕೊಳ್ಳಬೇಕಾಯಿತು. ಆ ಸಲ ರೈತನಿಗೆ ನಂತರದ ದಾರಿಯನ್ನೇ ಯಾರೂ ಉಳಿಸಿರಲಿಲ್ಲ.

ತಕ್ಕಡಿಯ ಇನ್ನೊಂದು ತಟ್ಟೆಗೆ, ಮದ್ದಿನಿಂದ ಜನರಿಗಾದ ಹಾನಿಗೆ ಬರೋಣ. ಬೆಳ್ತಂಗಡಿ ಕಡೆ ಕೊಕ್ಕಡ, ಪಟ್ರಮೆ, ನಿಡ್ಲೆ, ಗಡಿ ದಾಟಿದರೆ ಕಾಸರಗೋಡಿನ ಹಳ್ಳಿಗಳು. ಇಲ್ಲಿನ ಗೇರು ತೋಪುಗಳ ಮೇಲೆ ಸುಮಾರು 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದರು. ಮನೆ, ಬಾವಿ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಎಲ್ಲ ಆ ತೋಪುಗಳ ಬುಡದಲ್ಲೇ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿತು. ಗೇರು ಕೃಷಿ ಅಲ್ಲಿಗೆ ಮುಗಿಯಿತಾ? ಈಗಲೂ ಕರಾವಳಿಯಲ್ಲಿ ಗೇರುಬೀಜ ಹೆಕ್ಕುತ್ತಾರೆ.

ಆ ಕಡೆಯ ಒಂದು ಮನೆಯಲ್ಲಿ ಕುಳಿತು ಹಾನಿಯ ಲೆಕ್ಕದ ಸಮೀಕ್ಷೆ ಫಾರ್ಮ್ ನಾನೇ ತುಂಬಿದ್ದೆ. ಮಗನಿಗೆ ಇಪ್ಪತ್ತು ದಾಟಿದೆ, ಎದ್ದು ಕೂರಲು ಆಗುವುದಿಲ್ಲ. ತಾಯಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದರು. ನಾನು ಮಾತಾಡುತ್ತಿದ್ದ ಅರ್ಧ ಗಂಟೆಯಲ್ಲಿ ನಾಲ್ಕು ಸಲ ಗೆರಸೆ ಪಕ್ಕಕ್ಕಿಟ್ಟು ಎದ್ದರು. ಬಾಯಿ ಒರೆಸಲು, ಮಗ್ಗುಲು ಬದಲಿಸಲು. "ಕೆಲಸ?" ಅಂತ ಫಾರ್ಮ್ ಕೇಳಿತ್ತು, "ಮನೆಯಲ್ಲೇ" ಅಂದರು. "ಆರೈಕೆಯಿಂದ ಆದ ಆದಾಯ ನಷ್ಟ?" "ಎಂತ ನಷ್ಟ ಅಕ್ಕಾ, ನಾನು ಹೊರಗೆ ದುಡಿಲಿಕ್ಕೇ ಹೋಗಲ್ಲ." ಸೊನ್ನೆ ಬರೆದೆ.

ಹೊರಡುವಾಗ ಅವರೇ ಹೇಳಿದ ಮಾತು, ಮುಂಚೆ ದಿನಕ್ಕೆ ಸಾವಿರ ಬೀಡಿ ಕಟ್ಟಿ ಕಂಪನಿಯ ಬ್ರಾಂಚಿಗೆ ಕೊಡುತ್ತಿದ್ದರಂತೆ, ಈಗ ಮುನ್ನೂರು ದಾಟುವುದಿಲ್ಲ. ದಿನಕ್ಕೆ 700 ಬೀಡಿ. ಅದನ್ನು ಇಪ್ಪತ್ತು ವರ್ಷಕ್ಕೆ ಗುಣಿಸಿ. ನಾನು ಅಂಗಳದಲ್ಲಿ ನಿಂತು ಆ ಸೊನ್ನೆ ಹೊಡೆದುಹಾಕಿದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಮಗುವಿನ ಕಾಯಿಲೆಗೆ ಇದೇ ಮದ್ದು ಕಾರಣ ಅಂತ ಒಬ್ಬೊಬ್ಬರ ವಿಷಯದಲ್ಲಿ ಸಾಬೀತು ಮಾಡುವುದು ಕಷ್ಟ. ನಾವು ಒಂದೇ ಅಂಕಿ ಕೊಡುವುದಿಲ್ಲ, ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಅಂತ ಕೊಡುತ್ತೇವೆ. ಆದರೆ ಅಂಕಿ ಖಚಿತವಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಸೊನ್ನೆ ಬರೆಯುವ ಹಾಗಿಲ್ಲ.

ಅವತ್ತಿನಿಂದ ನಮ್ಮ ಫಾರ್ಮ್‌ನಲ್ಲಿ ಆದಾಯ ನಷ್ಟದ ಪ್ರಶ್ನೆ ಇಲ್ಲ. "ಈ ಮಗು ಹುಟ್ಟುವ ಮುಂಚೆ ದಿನವಿಡೀ ಏನೇನು ಕೆಲಸ ಮಾಡುತ್ತಿದ್ದಿರಿ?" ಅಂತ ಕೇಳುತ್ತೇವೆ. ಉತ್ತರಕ್ಕೆ ಅರ್ಧ ಪುಟ ಖಾಲಿ ಬಿಟ್ಟಿದ್ದೇವೆ. ಎಷ್ಟೋ ಮನೆಗಳಲ್ಲಿ ಅದೂ ಸಾಲದೆ ಹಿಂದಿನ ಪುಟಕ್ಕೆ ಹೋಗುತ್ತದೆ.